ಮಡಿಸಿದವರು

ಜನವರಿ ೧೮

ಅಮ್ಮಾ,

ಮೊನ್ನೆ ಫೋನಿನಲ್ಲಿ ನಾನು ನಾಣ್ಯದ ಸಮಿತಿ ಎಂದರೆ ನೀನು ನ್ಯಾಯದ ಸಮಿತಿ ಎಂದು ಕೇಳಿಸಿಕೊಂಡು "ಕೋರ್ಟು ಕಚೇರಿ ಎಲ್ಲ ನಿನಗ್ಯಾಕೆ ಬೇಕಿತ್ತು?" ಎಂದು ಗದರಿಬಿಟ್ಟೆ. ಬಿಡಿಸಿ ಹೇಳೋಣವೆಂದರೆ ನಾನು ಕಿರುಚುವುದು, ನೀನು "ಯಾಕೆ ಕಿರುಚ್ತೀಯ" ಎನ್ನುವುದು. ಅದಕ್ಕೇ ಈ ಕಾಗದ. ಇನ್ನು ಮುಂದೆ ಮುಖ್ಯವಾದದ್ದೆಲ್ಲ ಕಾಗದದಲ್ಲೇ, ಆಗಬಹುದೇ?

ವಿಷಯ ಇಷ್ಟು. ಪ್ಯಾರಾಚೂಟ್ ಪಡೆಗೆ ಈ ವರ್ಷ ಐವತ್ತು ತುಂಬುತ್ತದೆ. ಹೌದು, ನಿನ್ನ ಪಡೆಗೇ. ಅದರ ನೆನಪಿಗೆ ಒಂದು ನಾಣ್ಯ ಟಂಕಿಸುತ್ತಾರೆ. ಯಾವ ಚಿತ್ರ ಒಳ್ಳೆಯದು ಎಂದು ಆರಿಸಲು ಐದು ಜನರ ಸಮಿತಿ ಮಾಡಿದ್ದಾರೆ, ಅದಕ್ಕೆ ನಾನು ಕಾರ್ಯದರ್ಶಿ. ಇಪ್ಪತ್ತೆರಡು ವರ್ಷ ಟಂಕಸಾಲೆಯ ಮೂಲೆಯಲ್ಲಿ ಕೂತು ಉಕ್ಕಿನ ಮೇಲೆ ಅಕ್ಷರಗಳನ್ನು ಉಲ್ಟಾ ಕೊರೆದವಳಿಗೆ ಈಗ ಕುರ್ಚಿ, ಮೇಜು, ಬೀರುವಿನ ಬೀಗದ ಕೈ ಎಲ್ಲ ಕೊಟ್ಟಿದ್ದಾರೆ. ಅಂಕ ಹಾಕುವ ಅಧಿಕಾರ ಮಾತ್ರ ನನಗಿಲ್ಲ. ಬರೆದುಕೊಳ್ಳುವುದು, ಓದಿ ಹೇಳುವುದು, ಜಗಳ ಬಿಡಿಸುವುದು ನನ್ನ ಕೆಲಸ.

ನಾಣ್ಯದ ಒಂದು ಮುಖಕ್ಕೆ ಲಾಂಛನ ಮತ್ತು ಇಸವಿ, ಅದರಲ್ಲಿ ಮಾತಿಲ್ಲ. ಇನ್ನೊಂದು ಮುಖಕ್ಕೆ ಯಾರು ಬೇಕಾದರೂ ಚಿತ್ರ ಬರೆದು ಕಳಿಸಬಹುದು, ಅಂಚಿನಲ್ಲಿ "ಮಡಿದವರ ನೆನಪಿಗೆ" ಎಂಬ ಸಾಲು ಇರಬೇಕು ಅಷ್ಟೇ. ನಲವತ್ತಮೂರು ಚಿತ್ರಗಳು ಬಂದಿವೆ. ಕಳಿಸಿದವರ ಹೆಸರುಗಳು ಲಕೋಟೆಯೊಳಗೆ, ಲಕೋಟೆಗಳು ಕಬ್ಬಿಣದ ಬೀರುವಿನೊಳಗೆ. ಅದಕ್ಕೆ ಎರಡು ಬೀಗ. ಒಂದರ ಕೈ ನನ್ನ ಹತ್ತಿರ, ಇನ್ನೊಂದು ಅಧ್ಯಕ್ಷರ ಹತ್ತಿರ.

ಅಧ್ಯಕ್ಷರು ನಿವೃತ್ತ ಜನರಲ್, ನಿಮ್ಮ ಪಡೆಯವರೇ. ಮಾತು ಕಡಿಮೆ, ಮೀಸೆ ಜಾಸ್ತಿ. ಭಾಷೆ ನೋಡಲು ಒಬ್ಬರು ಪಂಡಿತರು, ಕಾಗುಣಿತ ತಪ್ಪಿದರೆ ಅವರಿಗೆ ಮೈ ತುರಿಕೆ ಏಳುತ್ತದೆ. ಅಚ್ಚು ಮಾಡುವ ವಿಭಾಗದ ನಮ್ಮ ಮುಖ್ಯಸ್ಥರು ಇದ್ದಾರೆ. ಕಣ್ಣಿಗೆ ಸದಾ ಮಸೂರ ಸಿಕ್ಕಿಸಿಕೊಂಡಿರುವ ಅವರಿಗೆ ನಾನಿಟ್ಟ ಹೆಸರು ಭೂತಗನ್ನಡಿ. ಉಳಿದ ಇಬ್ಬರು ತಲೆಯಾಡಿಸುವವರು.

ಇವತ್ತು ಮಾದರಿ ಮಾಡಲು ಪ್ಲಾಸ್ಟರ್ ಕಲಸುತ್ತಿದ್ದರು, ಆ ವಾಸನೆಗೆ ನಿನ್ನ ನೆನಪಾಯಿತು. ನನಗೆ ಐದು ವರ್ಷವಿದ್ದಾಗ ನೀನು ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದೆಯಲ್ಲ, ನಾನು ಅಕ್ಷರ ತಿದ್ದಿದ್ದು ಆ ಪ್ಲಾಸ್ಟರಿನ ಮೇಲೆಯೇ. ನನ್ನ ಕಸುಬು ಶುರುವಾದದ್ದೇ ನಿನ್ನ ಕಾಲಿನಿಂದ. ನಿನಗೆ ಹೆಮ್ಮೆ ಆಗಲಿ ಎಂದು ಇಷ್ಟು ಉದ್ದ ಬರೆದೆ. ಆಗಿದ್ದರೆ, ಆಯಿತು ಎಂದು ಒಂದು ಸಾಲು ಬರೆ.

ನಿನ್ನ ಉಲ್ಟಾ ಅಕ್ಷರದ ಮಗಳು


ಜನವರಿ ೨೯

ಮಗಳೇ,

ಆಯಿತು. ಹೆಮ್ಮೆ ಆಯಿತು. ಒಂದು ಸಾಲು ಕೇಳಿದ್ದೆ, ಬರೆದಿದ್ದೇನೆ.

ನಿನ್ನ ಕಾಗದವನ್ನು ಕೆಳಗಿನ ಮನೆಯಲ್ಲಿರುವ ನನ್ನ ಕೆಲಸದ ಗೆಳತಿ ಮೂವತ್ತಕ್ಕೆ ಓದಿ ಹೇಳಿದೆ. ಅವಳು ಇಡೀ ಬೀದಿಗೆ ಓದಿ ಹೇಳಿದಳು. ಈಗ ತರಕಾರಿಯವನೂ ನನ್ನನ್ನು ನಾಣ್ಯದಮ್ಮ ಎನ್ನುತ್ತಿದ್ದಾನೆ. ಮೂವತ್ತಕ್ಕೆ ವಯಸ್ಸಾಗಿದೆಯೇ ಹೊರತು ಬಾಯಿಗೆ ಆಗಿಲ್ಲ.

ನೀನು ನಮ್ಮ ಮಡಿಕೆ ಮನೆಯನ್ನು ಒಳಗಿಂದ ನೋಡಿದವಳಲ್ಲ. ನಲವತ್ತು ಅಡಿ ಉದ್ದದ ಮೇಜುಗಳು, ಅವುಗಳ ಮೇಲೆ ಪ್ಯಾರಾಚೂಟ್ ಹಾಸಿ ಮಡಿಸುತ್ತಿದ್ದೆವು. ನಮ್ಮ ಬಾಯಲ್ಲಿ ಅದು ಬರೀ ಕೊಡೆ. ಒದ್ದೆ ಕೊಡೆ ಒಣಗಿಸುವ ದೊಡ್ಡ ಫ್ಯಾನುಗಳ ಸದ್ದೇ ನನ್ನ ಕಿವಿ ತಿಂದದ್ದು. ಮಡಿಸುವವರಿಗೆ ಹೆಸರಿಲ್ಲ, ನಂಬರು. ನಾನು ಮೂವತ್ತೊಂದು, ಪಕ್ಕದ ಮೇಜಿನ ಅವಳು ಮೂವತ್ತು. ಮಡಿಸಿ ಮುಗಿದ ಮೇಲೆ ಒಂದು ಚೀಟಿಯಲ್ಲಿ ನಂಬರು ಬರೆದು ಕೊಡೆಯ ಜೇಬಿಗೆ ಸೇರಿಸಬೇಕು. ಹಾರುವವನಿಗೆ ಏನಾದರೂ ಆದರೆ ಯಾರನ್ನು ಬೈಯಬೇಕು ಎಂದು ತಿಳಿಯಲಿ ಅಂತ.

ಸಂಜೆ ಮನೆಗೆ ಹೊರಡುವ ಮುಂಚೆ ಮೇಜಿನ ಮೇಲಿನ ಸಾಮಾನು ಎಣಿಸಬೇಕು. ಒಂದು ಸೂಜಿ ಕಮ್ಮಿಯಾದರೂ ಅವತ್ತು ಮಡಿಸಿದ್ದನ್ನೆಲ್ಲ ಬಿಚ್ಚಬೇಕು. ಒಂದು ದಿನ ಮೂವತ್ತರ ಕ್ಲಿಪ್ಪು ಕಾಣಲಿಲ್ಲ. ಹತ್ತೊಂಬತ್ತು ಕೊಡೆ ಬಿಚ್ಚಿದೆವು. ಕೊನೆಗೆ ಅದು ಅವಳ ತಲೆಯಲ್ಲೇ ಇತ್ತು. ಇದನ್ನು ಕಾಗದದಲ್ಲಿ ಬರೆಯಬೇಡ ಎಂದು ಅವಳು ಇಲ್ಲೇ ಕೂತು ಹೇಳುತ್ತಿದ್ದಾಳೆ.

ಅವಳೂ ಸುಮ್ಮನಿರಲ್ಲ, ಉದ್ದಣ್ಣನ ಕತೆ ಬರಿ ಎನ್ನುತ್ತಿದ್ದಾಳೆ. ಒಬ್ಬ ಹಾರುವವನಿದ್ದ, ಬಾಗಿಲಿಗೆ ತಲೆ ತಗುಲುವಷ್ಟು ಉದ್ದ. ಬೇರೆಯವರು ಕೈಗೆ ಸಿಕ್ಕ ಕೊಡೆ ಎತ್ತಿಕೊಂಡು ಹೋದರೆ ಇವನು ಗೂಡುಗಳಲ್ಲೆಲ್ಲ ತಡಕಾಡಿ ನನ್ನ ಮೂವತ್ತೊಂದನ್ನೇ ಹುಡುಕಿ ಒಯ್ಯುತ್ತಿದ್ದ. ನನ್ನ ಮುಖ ನೋಡುತ್ತಿರಲಿಲ್ಲ, ಒಂದು ಮಾತೂ ಇಲ್ಲ. "ನಿನ್ನ ಗಂಡ ಹುಷಾರಾಗಿರ್ಲಿ, ಇವನು ನಿನ್ನ ಕೊಡೇನ ಮದುವೆ ಆಗ್ತಾನೆ" ಎಂದು ಇವಳು ಕಾಡುತ್ತಿದ್ದಳು. ನಿನ್ನ ಅಪ್ಪ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಿನ್ನ ನಲವತ್ತಮೂರು ಚಿತ್ರಗಳಲ್ಲಿ ಹಾರುವವರೇ ಇರುತ್ತಾರೆ, ಗೊತ್ತು. ಗುಟ್ಟು ಬಿಟ್ಟುಕೊಡಬೇಡ. ಕೊಟ್ಟ ಕೆಲಸ ಅಚ್ಚುಕಟ್ಟಾಗಿ ಮಾಡು.

ಕಿವಿ ಮಂದ, ಕೈ ಚುರುಕು,
ಅಮ್ಮ


ಫೆಬ್ರವರಿ ೨೨

ಅಮ್ಮಾ,

ಮೊದಲ ಸುತ್ತು ಮುಗಿಯಿತು. ಬಿದ್ದುಹೋದ ಚಿತ್ರಗಳ ಪಟ್ಟಿ ಹೊರಗೆ ಹಾಕಿದ್ದೇವೆ, ಹಾಗಾಗಿ ಅವುಗಳ ಬಗ್ಗೆ ಬರೆದರೆ ತಪ್ಪಿಲ್ಲ.

ಚಿತ್ರಗಳು ಬರುವುದು ಊಟದ ತಟ್ಟೆಯಷ್ಟು ದೊಡ್ಡದಾಗಿ. ಭೂತಗನ್ನಡಿಯವರು ಎಲ್ಲವನ್ನೂ ನಾಣ್ಯದ ಅಳತೆಗೆ ಕುಗ್ಗಿಸಿ, ದುಂಡಗೆ ಕತ್ತರಿಸಿ, ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಸದಸ್ಯರು ಒಂದು ತೋಳಿನ ದೂರದಲ್ಲಿ ನಿಂತು ನೋಡಬೇಕು. ಏನು ಎಂದು ಗೊತ್ತಾಗದಿದ್ದರೆ ಆ ಚಿತ್ರ ಹೋಯಿತು. ಹದಿನಾರು ಜನ ಒಟ್ಟಿಗೆ ಹಾರುವ ಭವ್ಯವಾದ ಚಿತ್ರವೊಂದಿತ್ತು, ಅಳತೆಗಿಳಿಸಿದರೆ ಹದಿನಾರು ಸಾಸಿವೆ ಕಾಳು. ಇನ್ನೊಂದನ್ನು ಜನರಲ್ ಬಹಳ ಹೊತ್ತು ನೋಡಿ "ಅಣಬೆ" ಎಂದರು. ಅಷ್ಟೇ, ಅದೂ ಹೋಯಿತು. ಆಮೇಲೆ ಸಮವಸ್ತ್ರ, ಆಯುಧಗಳ ಪರೀಕ್ಷೆ. ಒಬ್ಬರು ಎದೆಗೆ ಕಟ್ಟುವ ಕೊಡೆಯನ್ನು ಬೆನ್ನಿಗೆ ಕಟ್ಟಿ, ಬೆನ್ನಿನದನ್ನು ಮರೆತೇಬಿಟ್ಟಿದ್ದರು. "ಈ ಮನುಷ್ಯ ಕೆಳಗೆ ಬರ್ತಾನೆ, ಆದ್ರೆ ಬೇಗ ಬರ್ತಾನೆ" ಎಂದರು ಜನರಲ್. ಅವರು ತಮಾಷೆ ಮಾಡುತ್ತಾರೆಂದು ಅವತ್ತೇ ನಮಗೆ ಗೊತ್ತಾದದ್ದು. ಕೊನೆಗೆ ಲೋಹದ ಮಾತು. ಚಿತ್ರ ತೀರಾ ಎತ್ತರವಿದ್ದರೆ ಅಚ್ಚಿನೊಳಗೆ ಲೋಹ ತುಂಬುವುದಿಲ್ಲ, ಮೂಗಿಲ್ಲದ ಯೋಧ ಹೊರಗೆ ಬರುತ್ತಾನೆ.

ಈಗ ಆರು ಉಳಿದಿವೆ. ಅವುಗಳ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಆದರೆ ನಿನ್ನನ್ನು ಮೂರು ಪ್ರಶ್ನೆ ಕೇಳಬೇಕು, ಯಾಕೆ ಎಂದು ಮಾತ್ರ ಕೇಳಬೇಡ.

ಮಡಿಸುವಾಗ ನಿಮ್ಮ ಕೈಯಲ್ಲಿ ಉಂಗುರ, ಗಡಿಯಾರ ಏನಾದರೂ ಇರುತ್ತಿತ್ತೇ? "ಮಡಿಸಿದವರು" ಎಂಬ ಮಾತು ನಿಮ್ಮಲ್ಲಿ ಬಳಕೆಯಲ್ಲಿತ್ತೇ? ಮತ್ತೆ, ನೀನಾಗಲಿ ಮೂವತ್ತು ಅತ್ತೆಯಾಗಲಿ ಚಿತ್ರ ಗಿತ್ರ ಬರೆದು ಎಲ್ಲಿಗಾದರೂ ಕಳಿಸಿದ್ದೀರಾ? ಕೊನೆಯದಕ್ಕೆ ನಿಜ ಹೇಳಬೇಕು. ಸ್ಪರ್ಧೆಯಲ್ಲಿ ನನ್ನ ಬಂಧುಗಳು ಯಾರೂ ಇಲ್ಲ ಎಂದು ರುಜು ಹಾಕಿಕೊಟ್ಟಿದ್ದೇನೆ.

ಉತ್ತರಕ್ಕೆ ಕಾದು ಕೂತ ಮಗಳು


ಮಾರ್ಚ್ ೨೦

ಅಮ್ಮಾ,

ನಾಲ್ಕು ವಾರ ಆಯಿತು. ಮೂವತ್ತು ಅತ್ತೆಗೆ ಫೋನ್ ಮಾಡಿದೆ. "ಚೆನ್ನಾಗಿದಾಳೆ, ಊಟ ಮಾಡ್ತಾಳೆ, ಪೆನ್ನು ಮಾತ್ರ ಮುಟ್ಟಲ್ಲ" ಎಂದರು. ಯಾಕೆ ಎಂದರೆ, ಬಾಯಿಗೆ ಬೀಗವೇ ಇಲ್ಲದ ಆ ಹೆಂಗಸು "ಅವಳನ್ನೇ ಕೇಳು" ಎಂದು ಫೋನ್ ಇಟ್ಟರು. ಅದಕ್ಕೇ ನನಗೆ ಭಯವಾಗಿದೆ.

ನಾನು ಕೇಳಬಾರದ್ದು ಕೇಳಿದೆನೇ? ಮೂರರಲ್ಲಿ ಯಾವುದು? ಮುಂದಿನ ಸಭೆ ಏಪ್ರಿಲ್ ಹತ್ತಕ್ಕೆ. ಅವತ್ತು ಒಂದು ಚಿತ್ರವನ್ನು ಪಂಡಿತರು ತೆಗೆದುಹಾಕುತ್ತಾರೆ, ಈಗಾಗಲೇ ಅದರ ಮೇಲೆ ಕೆಂಪು ಗೀಟು ಎಳೆದಿಟ್ಟಿದ್ದಾರೆ. ನೀನು ಬರೆಯದಿದ್ದರೂ ಪರವಾಗಿಲ್ಲ. ಕೋಪವಿದ್ದರೆ ಬೈದಾದರೂ ಬರೆ.

ಮಗಳು


ಏಪ್ರಿಲ್ ೨

ಮಗಳೇ,

ಉಂಗುರ, ಗಡಿಯಾರ ಯಾವುದೂ ಇಲ್ಲ. ಉಗುರು ಕೂಡ ಇಲ್ಲ. ರೇಷ್ಮೆಯಂಥ ಬಟ್ಟೆ, ಒಂದು ಎಳೆ ಸಿಕ್ಕಿಕೊಂಡರೆ ಒಂದು ಜೀವ. ತೋಳು ಮೊಣಕೈವರೆಗೆ ಮಡಿಸಿ, ಬರಿಗೈಯಲ್ಲಿ ಕೆಲಸ.

ಚಿತ್ರ ನಾನು ಬರೆದಿಲ್ಲ. ನಾನು ಬೆಕ್ಕು ಬರೆದರೆ ನೀನು ಕುರ್ಚಿ ಎಂದು ಓದುತ್ತಿದ್ದೆ, ಮರೆತೆಯಾ? ಮೂವತ್ತೂ ಬರೆದಿಲ್ಲ, ಆಣೆ ಮಾಡಿ ಹೇಳಿದಳು.

ಇನ್ನು ನಡುವಿನ ಪ್ರಶ್ನೆ. ಅದನ್ನು ಓದಿದ ದಿನ ಕಾಗದ ಕೆಳಗಿಟ್ಟವಳು ಈಗ ಎತ್ತಿಕೊಳ್ಳುತ್ತಿದ್ದೇನೆ.

ನಲವತ್ತೆರಡು ವರ್ಷದ ಹಿಂದೆ ಒಬ್ಬ ಹಾರುವವನ ಕೊಡೆ ಬಿಚ್ಚಿಕೊಳ್ಳಲಿಲ್ಲ. ಇಪ್ಪತ್ತೆರಡು ವರ್ಷದವನು. ಜೇಬಿನ ಚೀಟಿಯಲ್ಲಿ ನನ್ನ ನಂಬರಿತ್ತು. ಅವತ್ತು ಮಧ್ಯಾಹ್ನದೊಳಗೆ ಮಡಿಕೆ ಮನೆಯ ಬಾಗಿಲ ಮೇಲೆ, ನಮ್ಮ ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ, ಸೀಮೆಸುಣ್ಣದಲ್ಲಿ ಒಂದೇ ಮಾತು ಬರೆದಿತ್ತು: ಮಡಿಸಿದವರು. ಕೊಡೆ ಮಡಿಸಿದವರು ಅಂತಲ್ಲ, ಪ್ರಾಣ ಮಡಿಸಿದವರು ಅಂತ. ಬರೆದವನು ಕೈಚಳಕದವನು. ಡಿ, ಸಿ ಎರಡು ಅಕ್ಷರಗಳ ತಲೆಯ ಮೇಲಿನ ಗುಡಿಸನ್ನು ಬಿಚ್ಚಿಕೊಂಡ ಎರಡು ಕೊಡೆಯ ಹಾಗೆ, ಗೀಟು ಗೀಟು ಹಗ್ಗ ಸಮೇತ ಎಳೆದಿದ್ದ. ಅದೇ ನನಗೆ ಹೆಚ್ಚು ಚುಚ್ಚಿದ್ದು.

ಹಾರುವವರು ಇನ್ನು ನಮ್ಮ ಕೊಡೆ ಕಟ್ಟಿಕೊಳ್ಳುವುದಿಲ್ಲ ಎಂದರು. ವಿಚಾರಣೆಯ ತೀರ್ಪು ಬರಲು ದಿನಗಳು ಬೇಕಿದ್ದವು. ಮೂರನೆಯ ದಿನ ನಾನು ಸೀದಾ ದಳಪತಿಯ ಕೋಣೆಗೆ ಹೋದೆ. "ನಾನು ಮಡಿಸಿದ್ದರಲ್ಲಿ ಯಾವುದನ್ನು ಬೇಕಾದ್ರೂ ಅವರೇ ಆರಿಸ್ಲಿ, ಕಟ್ಟಿಕೊಂಡು ನಾನು ಹಾರ್ತೀನಿ" ಎಂದೆ. ಕೆಲಸಕ್ಕೆ ಸೇರಿದಾಗ ನಮಗೂ ಒಮ್ಮೆ ಹಾರಲು ಕಲಿಸಿದ್ದರು, ಅಷ್ಟೇ ನನ್ನ ಅನುಭವ. ಅವರು ಬೇಡ ಎಂದರು. ನಾನು ಕೂತಲ್ಲಿಂದ ಏಳಲಿಲ್ಲ. ಬಾಗಿಲ ಮೇಲಿನದನ್ನು ಒರೆಸಲು ಮೂವತ್ತು ಏಣಿ ತಂದಳು. ಯಾರೂ ಮುಟ್ಟಕೂಡದು ಎಂದು ಅದರ ಕೆಳಗೇ ಹಾದು ಹೋಗಿ ವಿಮಾನ ಹತ್ತಿದೆ.

ಕೊಡೆ ಹೂವಿನ ಹಾಗೆ ಬಿಚ್ಚಿಕೊಂಡಿತು. ನಾನೇ ಇಳಿಯುವಾಗ ಕಾಲು ತಿರುಚಿಕೊಂಡು ಮುರಿದುಕೊಂಡೆ. ಕೊಡೆಯ ತಪ್ಪಲ್ಲ, ಕಾಲಿನ ತಪ್ಪು. ಮೆಟ್ಟಿಲು ಗಿಟ್ಟಿಲು ಏನೂ ಇರಲಿಲ್ಲ. ಮಗು ಹೆದರುತ್ತೆ ಎಂದು ನಿನ್ನ ಅಪ್ಪ ಕಟ್ಟಿದ ಕತೆ ಅದು.

ಆಮೇಲೆ ವಿಚಾರಣೆಯವರು ಆ ಹುಡುಗನ ಕೊಡೆಯನ್ನು ನನ್ನ ಕೈಯಲ್ಲೇ ಮಡಿಕೆ ಮಡಿಕೆಯಾಗಿ ಬಿಚ್ಚಿಸಿದರು. ಒಂದೂ ತಪ್ಪಿರಲಿಲ್ಲ. ಹಾರಿದ ಕೂಡಲೇ ಕೊಡೆಯನ್ನು ಎಳೆದು ಬಿಚ್ಚುವುದು ವಿಮಾನದೊಳಗಿನ ತಂತಿ, ಅದಕ್ಕೆ ಅವನ ಕೊಡೆಯ ಕೊಕ್ಕೆ ಸಿಕ್ಕಿಸಿಯೇ ಇರಲಿಲ್ಲ. ಆರು ವಾರದ ಮೇಲೆ ನಾನು ಕೆಲಸಕ್ಕೆ ಮರಳಿದಾಗ ಬಾಗಿಲು ಚೊಕ್ಕಟವಾಗಿತ್ತು. ಯಾರೂ ಆ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ತಪ್ಪಾಯಿತು ಎಂದು ಯಾರಾದರೂ ಒಬ್ಬರು ಹೇಳಬಹುದು ಎಂದು ನಿವೃತ್ತಿಯ ದಿನದವರೆಗೂ ಕಾದೆ.

ನೀನು ಯಾಕೆ ಕೇಳಿದೆ ಎಂದು ಊಹಿಸಬಲ್ಲೆ, ನನ್ನ ಕಿವಿ ಹೋಗಿದೆ, ತಲೆ ಹೋಗಿಲ್ಲ. ಆ ಮಾತನ್ನು ಯಾರೋ ಚಿತ್ರದಲ್ಲಿ ಬರೆದಿದ್ದಾರೆ. ಪಂಡಿತರು ತಪ್ಪು ಎಂದರೆ ತಪ್ಪು ಎಂದೇ ಇರಲಿ. ಸೀಮೆಸುಣ್ಣದಲ್ಲಿ ಇದ್ದದ್ದು ಲೋಹದಲ್ಲಿ ಬರುವುದು ಬೇಡ. ನೀನು ಸುಮ್ಮನಿರು.

ಅಮ್ಮ


ಏಪ್ರಿಲ್ ೧೧

ಅಮ್ಮಾ,

ನಾನು ಸುಮ್ಮನಿರಲಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನೀನು ಬೈಯುತ್ತಲೇ ಓದು. ನಿರ್ಧಾರ ಇವತ್ತು ಬೆಳಿಗ್ಗೆ ನೋಟಿಸ್ ಬೋರ್ಡಿಗೆ ಬಂದಿದೆ, ಆದ್ದರಿಂದ ಎಲ್ಲವನ್ನೂ ಬರೆಯಬಹುದು.

ಅದು ಹತ್ತೊಂಬತ್ತನೆಯ ಚಿತ್ರ. ಅದರಲ್ಲಿ ಆಕಾಶವಿಲ್ಲ, ವಿಮಾನವಿಲ್ಲ, ಹಾರುವವನೂ ಇಲ್ಲ. ಎರಡು ಬರಿಗೈಗಳು ಬಟ್ಟೆಯ ಮಡಿಕೆಯನ್ನು ಒತ್ತಿ ಹಿಡಿದಿವೆ, ಪಕ್ಕದಲ್ಲಿ ಒಂದು ಚೀಟಿ, ಚೀಟಿಯಲ್ಲಿ ೩೧. ಎಡಗೈ ಹೆಬ್ಬೆರಳು ತುಸು ಹೊರಕ್ಕೆ ಬಾಗಿದೆ. ಆ ಬೆರಳು ಹಿಡಿದು ನಡೆಯಲು ಕಲಿತವಳು ನಾನು. ಅಂಚಿನಲ್ಲಿ "ಮಡಿಸಿದವರ ನೆನಪಿಗೆ" ಎಂದಿತ್ತು.

ಪಂಡಿತರು ಎದ್ದುನಿಂತರು. "ಇದು ಬರೀ ಕಾಗುಣಿತದ ತಪ್ಪಲ್ಲ ಸ್ವಾಮಿ, ಅಪಚಾರ! ಮಡಿದವರು ಅಂದ್ರೆ ಪ್ರಾಣ ಕೊಟ್ಟವರು. ಮಡಿಸಿದವರು ಅಂದ್ರೆ ಪ್ರಾಣ ತೆಗೆದವರು. ಒಂದು 'ಸಿ' ಸೇರಿಸಿ ಇಡೀ ಪಡೆಗೆ ಮಸಿ ಬಳಿದಿದಾನೆ!" ಎಂದರು. ತಲೆಯಾಡಿಸುವವರು ತಲೆಯಾಡಿಸಿದರು. ಭೂತಗನ್ನಡಿಯವರು ಮಸೂರದಿಂದ ಕಣ್ಣು ತೆಗೆಯದೆ "ಕೈ ಮಾತ್ರ ಅದ್ಭುತವಾಗಿದೆ" ಎಂದು ಗೊಣಗಿದರು. ಜನರಲ್ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ "ಏನ್ರೀ ಇದು, ಬಟ್ಟೆ ಇಸ್ತ್ರಿ ಮಾಡೋರಾ?" ಎಂದು ಕೇಳಿದರು.

ಚಿತ್ರದ ಜೊತೆ ವಿವರಣೆ ಕಳಿಸುವಂತಿಲ್ಲ ಎಂಬುದು ನಿಯಮ. ಹಾಗಾಗಿ ಬರೆದವನ ಪರವಾಗಿ ಹೇಳಲು ಯಾರೂ ಇರಲಿಲ್ಲ. ಆ ಕೋಣೆಯಲ್ಲಿ ಅದು ಏನೆಂದು ಗೊತ್ತಿದ್ದವಳು ನಾನೊಬ್ಬಳೇ. ನಿನ್ನ ಕಾಗದ ನನ್ನ ಚೀಲದಲ್ಲೇ ಇತ್ತು, "ಸುಮ್ಮನಿರು" ಎಂಬ ಮಾತೂ ಅದರಲ್ಲೇ ಇತ್ತು.

ಎದ್ದುನಿಂತೆ. "ನಾನೊಂದು ವಿಷಯ ಹೇಳಿ ಹೊರಗೆ ಹೋಗ್ತೀನಿ, ಯಾಕಂದ್ರೆ ಹೇಳಿದ ಮೇಲೆ ನಾನಿಲ್ಲಿ ಕೂರೋದು ಸರಿಯಲ್ಲ" ಎಂದೆ. "ಅದು ಕಾಗುಣಿತದ ತಪ್ಪಲ್ಲ. ಪ್ಯಾರಾಚೂಟ್ ಮಡಿಸಿದವರು. ಮೂವತ್ತೊಂದು ನನ್ನ ತಾಯಿ. ಚಿತ್ರ ಅವರದಲ್ಲ, ಬರೆದವರು ಯಾರು ಅಂತ ಅವರಿಗೂ ಗೊತ್ತಿಲ್ಲ. ಆ ಮಾತಿನ ಬಗ್ಗೆ ನಾನು ಅವರಿಗೆ ಪತ್ರ ಬರೆದು ಕೇಳಿದ್ದೆ, ಅದು ನನ್ನ ತಪ್ಪು, ಸಭೆಯ ನಡಾವಳಿಯಲ್ಲಿ ಬರ್ಕೊಳ್ಳಿ. ಇನ್ನೊಂದು ಮಾತು. ತಾನು ಮಡಿಸಿದ ಕೊಡೆ ಕಟ್ಟಿಕೊಂಡು ನನ್ನಮ್ಮ ಒಂದು ಸಲ ಹಾರಿದಾರೆ." ಅಷ್ಟು ಹೇಳಿ, ನಡಾವಳಿಯ ಪುಸ್ತಕವನ್ನು ಭೂತಗನ್ನಡಿಯವರ ಕೈಗೆ ಕೊಟ್ಟು ಹೊರಗೆ ಬಂದೆ.

ಹೊರಗಿನ ಬೆಂಚಿನ ಮೇಲೆ ನಲವತ್ತು ನಿಮಿಷ ಕೂತಿದ್ದೆ. ಒಳಗಿನಿಂದ ಮೊದಲು ಪಂಡಿತರ ದನಿ ಕೇಳಿಸಿತು. ಆಮೇಲೆ ಜನರಲ್ ಮಾತಾಡಿದರು, ಬಹಳ ಹೊತ್ತು. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಕೊನೆಯಲ್ಲಿ ಬಾಗಿಲು ತೆರೆದು ಭೂತಗನ್ನಡಿಯವರು "ಬನ್ನಿ ಒಳಗೆ, ಪಂಡಿತರು ಕವಿ ಆಗ್ಬಿಟ್ಟಿದಾರೆ" ಎಂದರು.

ಚಿತ್ರ ಗೆದ್ದಿತ್ತು, ಅಮ್ಮಾ. ಐದಕ್ಕೆ ಐದು. ಎರಡು ತಿದ್ದುಪಡಿ ಮಾತ್ರ. ಬದುಕಿರುವವರ ಗುರುತು ನಾಣ್ಯದ ಮೇಲೆ ಬರಬಾರದು, ಹಾಗಾಗಿ ೩೧ ಇರುವುದಿಲ್ಲ, ಚೀಟಿ ಖಾಲಿ. ಇನ್ನೊಂದು ಪಂಡಿತರದೇ. "ಬದುಕಿರೋರಿಗೆ ನೆನಪಿಗೆ ಅನ್ನಬಾರದು. ಪ್ರಾಣ ಕೊಟ್ಟವರನ್ನ ಬಿಡೋ ಹಾಗೂ ಇಲ್ಲ" ಎಂದು ತಾವೇ ಹೊಸ ಸಾಲು ಬರೆದಿದ್ದರು: "ಮಡಿದವರಿಗೆ, ಮಡಿಸಿದವರಿಗೆ." ತಾವು ಎಳೆದಿದ್ದ ಕೆಂಪು ಗೀಟನ್ನು ರಬ್ಬರಿನಿಂದ ಅಳಿಸುತ್ತಾ ಕೂತಿದ್ದರು, ಅದು ಹೋಗುತ್ತಿರಲಿಲ್ಲ.

ಜನರಲ್ ಹೊರಡುವಾಗ ನನ್ನ ಮೇಜಿನ ಮುಂದೆ ನಿಂತರು. "ಮುನ್ನೂರ ಹನ್ನೆರಡು ಸಲ ಹಾರಿದೀನಮ್ಮ. ಆ ಮಡಿಕೆ ಮನೆಯೊಳಗೆ ಒಂದು ಸಲಾನೂ ಹೋಗಿಲ್ಲ. ಬಾಗಿಲಲ್ಲಿ ಕೊಡೆ ಇಸ್ಕೊಂಡು ಬರ್ತಿದ್ದೆ" ಎಂದರು. ಆಮೇಲೆ ನನಗೆ ಸೆಲ್ಯೂಟ್ ಹೊಡೆದರು. ಅದು ನನಗಲ್ಲ ಎಂದು ಗೊತ್ತು, ನಿನಗೆ ತಲುಪಿಸುತ್ತಿದ್ದೇನೆ.

ನಿನ್ನ ಮಾತು ಮೀರಿದ್ದಕ್ಕೆ ಇನ್ನೊಂದು ಕಾರಣವಿದೆ, ಅಕ್ಷರಕ್ಕೆ ಸಂಬಂಧಪಟ್ಟದ್ದು. ಲಕೋಟೆ ಒಡೆಯುವವರೆಗೆ ಹೇಳುವಂತಿಲ್ಲ. ನಾಣ್ಯ ಕೈಗೆ ಬಂದ ದಿನ ಮಸೂರ ಹಿಡಿದು ಅಂಚನ್ನು ನೋಡು.

ವಿಮಾನದಿಂದ ಹಾರಿದವಳ ಮಗಳು


ಏಪ್ರಿಲ್ ೨೦

ಮಗಳೇ,

ನನ್ನ ಮಾತು ಮೀರಿದ್ದೀಯ. ಮೀರಲಿ ಎಂದೇ ಬೇಡ ಎಂದಿದ್ದೆನೋ ಏನೋ, ಈಗ ನನಗೇ ಸರಿಯಾಗಿ ಗೊತ್ತಾಗುತ್ತಿಲ್ಲ.

ಮೂವತ್ತು ಅತ್ತಳು. ನಾನು ಅಳಲಿಲ್ಲ, ಎರಡು ಸಲ ಮುಖ ತೊಳೆದುಕೊಂಡೆ ಅಷ್ಟೇ. ನಂಬರು ತೆಗೆದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಇವಳ ಜೊತೆ ಬಾಳುವೆ ಮಾಡಲು ಆಗುತ್ತಿರಲಿಲ್ಲ. ಖಾಲಿ ಚೀಟಿಯಲ್ಲಿ ಮೂವತ್ತು ಇದೆ ಎಂದು ಈಗಾಗಲೇ ಬೀದಿಯಲ್ಲಿ ಹೇಳುತ್ತಿದ್ದಾಳೆ. ಹೇಳಲಿ, ಅಲ್ಲಿ ಅವಳೂ ಇದ್ದಾಳೆ, ನಮ್ಮ ನಲವತ್ತು ಜನರೂ ಇದ್ದಾರೆ.

ಪಂಡಿತರಿಗೆ ನನ್ನ ನಮಸ್ಕಾರ ತಿಳಿಸು. "ನೆನಪಿಗೆ" ಎಂದು ಓದಿದಾಗ ನಾನೂ ಅದನ್ನೇ ಅಂದುಕೊಂಡಿದ್ದೆ, ಇನ್ನೂ ಗುಂಡುಕಲ್ಲಿನ ಹಾಗಿದ್ದೇನಲ್ಲ ಎಂದು.

ತಪ್ಪನ್ನು ನೀನೇ ಎದ್ದು ನಡಾವಳಿಯಲ್ಲಿ ಬರೆಸಿದೆಯಲ್ಲ, ಅದನ್ನು ಮತ್ತೆ ಮತ್ತೆ ಓದಿದೆ. ಹಾರುವ ವಿಷಯದಲ್ಲಿ ನೀನು ನನ್ನ ಹಾಗೇ, ಆದರೆ ಕಾಲು ಮುರಿದುಕೊಳ್ಳಲಿಲ್ಲ. ಜನರಲ್ಲರ ಸೆಲ್ಯೂಟ್ ತಲುಪಿತು.

ಹೆಮ್ಮೆಯಿಂದ, ಈ ಸಲ ನೀನು ಕೇಳದೆಯೇ,
ಅಮ್ಮ


ಆಗಸ್ಟ್ ೨೧

ಅಮ್ಮಾ,

ಇದರ ಜೊತೆ ಎರಡು ನಾಣ್ಯಗಳಿವೆ, ಒಂದು ನಿನಗೆ, ಒಂದು ಮೂವತ್ತು ಅತ್ತೆಗೆ. ಯಾರದು ಯಾವುದು ಎಂದು ಜಗಳವಾಡಬೇಡಿ, ಎರಡೂ ಒಂದೇ ಅಚ್ಚಿನವು.

ಲಕೋಟೆ ಒಡೆದೆವು. ಬರೆದವರು ಒಬ್ಬ ಹಳೆಯ ಹಾರುವವರು, ನಿವೃತ್ತಿಯಾದ ಮೇಲೆ ಅಂಗಡಿಗಳಿಗೆ ಬೋರ್ಡು ಬರೆದು ಜೀವನ ಮಾಡಿದವರು. ತಿದ್ದುಪಡಿಗೆಂದು ಟಂಕಸಾಲೆಗೆ ಬಂದಿದ್ದರು. ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾಯಿತು, ಅಷ್ಟು ಉದ್ದ. ನಂಬರು ತೆಗೆಯಬೇಕು ಎಂದಾಗ ಬೇಸರಪಟ್ಟರು. ನಾನು ಯಾರ ಮಗಳು ಎಂದು ಭೂತಗನ್ನಡಿಯವರು ಹೇಳಿದಾಗ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. "ಅವರ ಕಾಲು ಈಗ ಹೇಗಿದೆ?" ಎಂದು ಕೇಳಿದರು. ಹೊಸ ಸಾಲಿನ ಅಕ್ಷರಗಳನ್ನು ತಾವೇ ಮತ್ತೆ ಬರೆದರು, ನಾನೇ ಉಕ್ಕಿನ ಮೇಲೆ ಕೊರೆದೆ. ಒಂದು ಗೀಟನ್ನೂ ಬದಲಿಸಲಿಲ್ಲ.

ಕೇಳಿದ್ದಕ್ಕೆ ವಿಳಾಸ ಕೊಟ್ಟರು, ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಈಗ ಮಸೂರ ತೆಗೆದುಕೋ.

ಮಗಳು


ಆಗಸ್ಟ್ ೩೦

ಉದ್ದಣ್ಣನವರಿಗೆ,

ಮಡಿಕೆ ಮನೆಯಲ್ಲಿ ನಿಮ್ಮನ್ನು ನಾವು ಹೀಗೇ ಕರೆಯುತ್ತಿದ್ದೆವು, ನಿಮ್ಮ ಬೆನ್ನ ಹಿಂದೆ.

ನಾಣ್ಯ ಬಂತು. ಡಿ ನೋಡಿದೆ, ಸಿ ನೋಡಿದೆ. ಮೇಲೆ ಎರಡು ಗುಡಿಸು, ಬಿಚ್ಚಿಕೊಂಡ ಎರಡು ಕೊಡೆ, ಹಗ್ಗ ಸಮೇತ. ಪಕ್ಕದಲ್ಲಿ ಕೂತಿದ್ದ ಗೆಳತಿಗೆ ಕೊಟ್ಟೆ. ಅವಳೂ ನೋಡಿ, ಹುಟ್ಟಿದಂದಿನಿಂದ ಮೊದಲ ಸಲ, ಏನೂ ಮಾತಾಡಲಿಲ್ಲ.

ಆ ಬಾಗಿಲ ಮೇಲೆ ಏಣಿ ಇಲ್ಲದೆ ಎಟುಕುತ್ತಿದ್ದದ್ದು ನಿಮ್ಮೊಬ್ಬರಿಗೇ. ಹೀಗಾಗಿ ಬರೆದವರೂ ನೀವೇ, ಒರೆಸಿದವರೂ ನೀವೇ ಇರಬೇಕು. ಅದು ನನಗೆ ಅವತ್ತೇ ಹೊಳೆಯಬೇಕಿತ್ತು. ತಪ್ಪಾಯಿತು ಎಂದು ಯಾರಾದರೂ ಹೇಳುತ್ತಾರೇನೋ ಎಂದು ನಾನು ಬಾಯಿಗಳನ್ನೇ ನೋಡುತ್ತಾ ಕಾದೆ. ಅದಾದ ಮೇಲೆ, ಎಲ್ಲರದನ್ನೂ ಬಿಟ್ಟು ನನ್ನ ಕೊಡೆಯನ್ನೇ ಹುಡುಕಿ ಬೆನ್ನಿಗೆ ಕಟ್ಟಿಕೊಂಡು, ಹನ್ನೊಂದು ವರ್ಷ ವಿಮಾನದಿಂದ ಕೆಳಗೆ ಹಾರುತ್ತಾ ನೀವು ಅದನ್ನೇ ಹೇಳುತ್ತಿದ್ದಿರಿ. ನಾವು ಹುಚ್ಚಿಯರು ನಗುತ್ತಿದ್ದೆವು.

ಇನ್ನು ನೀವು ಹೇಳುವುದು ಏನೂ ಉಳಿದಿಲ್ಲ. ನನ್ನದೊಂದು ಉಳಿದಿದೆ. ಪ್ರತಿ ಸಲ ನೀವು ಕೊಡೆ ಒಯ್ದಾಗಲೂ, ಸಂಜೆ ಅದು ವಾಪಸು ಬರುವವರೆಗೆ ನಾನು ಮನೆಗೆ ಹೋಗುತ್ತಿರಲಿಲ್ಲ.

ಕಾಲು ಚೆನ್ನಾಗಿದೆ. ಈ ಕಡೆ ಬಂದರೆ ಮನೆಗೆ ಬನ್ನಿ, ನಮ್ಮ ಬಾಗಿಲು ಕುಳ್ಳು, ತಲೆ ಜೋಪಾನ.

ಮಡಿಸಿದವಳು,
೩೧